ಉಪ್ಪೇರಿದ ಗದ್ದೆಗೆ ಊರಿನದೇ ಜೀವಾಣು

ಇಬ್ಬರೂ ಕರಾವಳಿಯ ಉಚ್ಚಿಲದವರು. ಒಬ್ಬರು ಕಡಲಿಗೂ ಹೆದ್ದಾರಿಗೂ ನಡುವಿನ ತಗ್ಗಿನಲ್ಲಿ ಗದ್ದೆ ಮಾಡುವವರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಮಣ್ಣಿನ ಸೂಕ್ಷ್ಮಜೀವಿಗಳ ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವವಳು. ಮಾತು ಹುಟ್ಟಿದ್ದು ಮಾಮ ಯಾರಿಂದಲೋ ತಂದಿಟ್ಟಿದ್ದ ಒಂದು ಕಿಲೋ ಪೊಟ್ಟಣದಿಂದ.

ಮಾಮ: ಇದನ್ನು ಗೊಬ್ಬರದ ಜೊತೆ ಬೆರೆಸಿ ಎರಚಿದರೆ ಗದ್ದೆಯ ಉಪ್ಪು ಹೋಗ್ತದಂತೆ. ಒಳಗೆ ಇರುವುದು ಬ್ಯಾಕ್ಟೀರಿಯಾ ಅಂತೆ. ನೀನು ಅದನ್ನೇ ಓದುವವಳಲ್ವಾ, ಸರಿಯಾಗಿ ಹೇಳು. ಬ್ಯಾಕ್ಟೀರಿಯಾ ಉಪ್ಪು ತಿನ್ನುತ್ತದಾ?

ಸೊಸೆ: ಇಲ್ಲ ಮಾಮ. ಉಪ್ಪನ್ನು ತಿಂದು ಇಲ್ಲವಾಗಿಸುವ ಜೀವಿ ಯಾವುದೂ ಇಲ್ಲ. ಸೋಡಿಯಂ ಸೋಡಿಯಂ ಆಗಿಯೇ ಇರ್ತದೆ, ಕ್ಲೋರೈಡ್ ಕ್ಲೋರೈಡ್ ಆಗಿಯೇ. ಮಣ್ಣಿನಿಂದ ಉಪ್ಪು ಹೊರಗೆ ಹೋಗಬೇಕಾದರೆ ನೀರಿನಲ್ಲಿ ಕರಗಿ ತೋಡಿಗೆ ಹರಿಯಬೇಕು. ಮುಖ್ಯ ದಾರಿ ಅದೇ.

ಮಾಮ: ಹಾಗಾದರೆ ಇದು ಮೋಸವಾ?

ಸೊಸೆ: ಕೊಟ್ಟವರು ಹೇಳಿದ ಮಾತು ತಪ್ಪು. ವಸ್ತು ಮೋಸ ಅಂತ ಅಷ್ಟು ಬೇಗ ಹೇಳಲಾರೆ. ಉಪ್ಪಿರುವ ಮಣ್ಣಿನಲ್ಲಿ ಗಿಡ ತಾಳಿಕೊಳ್ಳುವಂತೆ ಮಾಡುವ ಬ್ಯಾಕ್ಟೀರಿಯಾ ನಿಜವಾಗಿಯೂ ಉಂಟು. ಅದು ಮಾಡುವ ಕೆಲಸ ನಡೆಯುವುದು ಬೇರಿನಲ್ಲಿ. ಉಪ್ಪು ಇದ್ದಲ್ಲೇ ಇರ್ತದೆ, ಗಿಡದ ನಡತೆ ಬದಲಾಗ್ತದೆ. ಮೊದಲು ನೀವು ಹೇಳಿ, ಉಪ್ಪು ತಾಗಿದ ಭತ್ತ ನಿಮ್ಮ ಗದ್ದೆಯಲ್ಲಿ ಹೇಗೆ ಕಾಣ್ತದೆ?

ಮಾಮ: ನೇಜಿ ನೆಟ್ಟು ಸ್ವಲ್ಪ ದಿನಕ್ಕೆ ಎಲೆಯ ತುದಿ ಬೆಳ್ಳಗಾಗಿ ಸುರುಟ್ತದೆ. ಗದ್ದೆಯಲ್ಲಿ ನೀರು ನಿಂತಿರ್ತದೆ, ಆದರೂ ನೀರಿಲ್ಲದೆ ಒಣಗಿದ ಹಾಗೆ ಕಾಣ್ತದೆ. ಅದನ್ನು ದಾಟಿ ಬಂದರೆ ಮತ್ತೆ ಪರವಾಗಿಲ್ಲ, ಹುಲುಸಾಗಿ ತೆಂಡೆ ಒಡೆಯುತ್ತದೆ. ತೆನೆ ಬರುವಾಗ ಮತ್ತೊಮ್ಮೆ ಪೆಟ್ಟು. ತೆನೆ ನಿಂತೇ ಇರ್ತದೆ, ಬಗ್ಗುವುದಿಲ್ಲ. ಹಿಚುಕಿ ನೋಡಿದರೆ ಜೊಳ್ಳು.

ಸೊಸೆ: ಪುಸ್ತಕದಲ್ಲಿ ಇರುವುದೂ ಅದೇ. ಭತ್ತಕ್ಕೆ ಉಪ್ಪು ಹೆಚ್ಚು ನೋವು ಕೊಡುವುದು ಎರಡು ಹೊತ್ತಿನಲ್ಲಿ, ಎಳೆಯ ನೇಜಿಯಾಗಿರುವಾಗ ಮತ್ತು ಹೂ ಕಟ್ಟುವಾಗ. ನೀರಿದ್ದೂ ಒಣಗುವುದು ಯಾಕೆಂದರೆ, ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದಷ್ಟು ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಅದು ಮೊದಲ ಪೆಟ್ಟು. ಎರಡನೆಯದು ನಿಧಾನದ್ದು. ಸೋಡಿಯಂ ಒಳಗೆ ನುಗ್ಗಿ ಎಲೆಯಲ್ಲಿ ಸೇರಿಕೊಂಡು, ಪೊಟ್ಯಾಶಿಯಂ ಇರಬೇಕಾದ ಜಾಗವನ್ನು ಹಿಡಿಯುತ್ತದೆ. ಹಳೆಯ ಎಲೆಗಳು ಮೊದಲು ಸಾಯುವುದು ಅದಕ್ಕೆ.

ಮಾಮ: ಎಷ್ಟು ಉಪ್ಪು ಇದ್ದರೆ ಹೆಚ್ಚು? ನಾವು ತೋಡಿನ ನೀರನ್ನು ಬಾಯಿಗೆ ಹಾಕಿ ನೋಡುವುದು.

ಸೊಸೆ: ಮಣ್ಣಿನ ಉಪ್ಪನ್ನು ಅಳೆಯುವುದು ಅದರ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರಿಂದ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇ.ಸಿ. ಅಂತ ಇರ್ತದಲ್ಲ, ಅದು. ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ತೆಗೆದ ಸಾರದಲ್ಲಿ ಅದು ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಉಪ್ಪುಮಣ್ಣು ಅಂತ ಲೆಕ್ಕ. ಭತ್ತದ ಇಳುವರಿ 3 ದಾಟಿದಾಗಲೇ ಇಳಿಯಲು ಶುರು. ಅಲ್ಲಿಂದ ಮುಂದೆ ಪ್ರತಿ ಒಂದು ಅಂಕಕ್ಕೆ ನೂರಕ್ಕೆ ಹನ್ನೆರಡರಷ್ಟು ಕಡಿಮೆಯಾಗ್ತದೆ ಅಂತ ಹಳೆಯ ಅಂದಾಜು. ಕಡಲ ನೀರು ಸುಮಾರು 50. ಬದನೆಯ ಇಳುವರಿ ಭತ್ತಕ್ಕಿಂತಲೂ ಮೊದಲೇ ಇಳಿಯಲು ಶುರುವಾಗ್ತದೆ.

ಮಾಮ: ಮಟ್ಟು ಗುಳ್ಳವೂ ಬದನೆಯೇ, ಅದು ಕಡಲಿನ ಪಕ್ಕದಲ್ಲೇ ಬೆಳೆಯುತ್ತದಲ್ಲ?

ಸೊಸೆ: ಹೌದು, ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಅವರು ಅದನ್ನು ನೆಡುವುದು ಯಾವಾಗ? ಮಳೆಗಾಲದ ಭತ್ತ ಕೊಯ್ದ ಮೇಲೆ. ಅಷ್ಟರಲ್ಲಿ ಒಂದು ಮಳೆಗಾಲ ಆ ಮಣ್ಣನ್ನು ತೊಳೆದು ಹೋಗಿರ್ತದೆ. ನಮ್ಮ ಕರಾವಳಿಯ ದೊಡ್ಡ ಭಾಗ್ಯ ಇದೇ ಮಾಮ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಮಳೆಗಾಲದ ಏಣೆಲು ಬೆಳೆಗೆ ಉಪ್ಪಿನ ಕಾಟ ಇದ್ದರೂ ಅದು ಶುರುವಿನಲ್ಲಿ, ಅಥವಾ ಮಳೆ ಕೈಕೊಟ್ಟಾಗ. ಅದರ ನಂತರದ ಸುಗ್ಗಿ ಬೆಳೆಗೆ ಬಂದಾಗ ಹೊಳೆಯಲ್ಲಿ ಸಿಹಿನೀರು ತಗ್ಗಿ ಭರತದ ನೀರು ಮೇಲೆ ಬರ್ತದೆ. ಮೂರನೆಯ ಬೆಳೆ ಕೊಳಕೆಯ ಹೊತ್ತಿಗಂತೂ ಕೇಳುವುದೇ ಬೇಡ.

ಮಾಮ: ಕೊಳಕೆ ಮಾಡುವವರು ಈಗ ಇಲ್ಲಿ ಯಾರಿದ್ದಾರೆ? ನನ್ನ ಅಪ್ಪನ ಕಾಲದಲ್ಲಿ ಡಿಸೆಂಬರ್ ಬಂತು ಅಂದರೆ ಎಲ್ಲರೂ ಸೇರಿ ತೋಡಿಗೆ ಮಣ್ಣಿನ ಕಟ್ಟ ಹಾಕುತ್ತಿದ್ದರು. ಒಂದು ಮನೆಯವರು ಬರದಿದ್ದರೆ ಹೋಗಿ ಕರೆದುಕೊಂಡು ಬರ್ತಿದ್ದರು. ಈಗ ಕಿಂಡಿ ಅಣೆಕಟ್ಟು ಉಂಟು, ಹಲಗೆ ಹಾಕಲಿಕ್ಕೆ ಜನ ಇಲ್ಲ. ಒಂದು ಹಲಗೆ ಕೊಳೆತರೆ ಸಾಕು, ಒಂದೇ ಹುಣ್ಣಿಮೆಯ ಭರತಕ್ಕೆ ಅರ್ಧ ಬೈಲು ಉಪ್ಪಾಗ್ತದೆ.

ಸೊಸೆ: ನಾನು ಬ್ಯಾಕ್ಟೀರಿಯಾದ ಬಗ್ಗೆ ಏನೇ ಹೇಳಿದರೂ ಅದು ಆ ಹಲಗೆ ಹಾಕಿದ ಮೇಲಿನ ಮಾತು. ಇದನ್ನು ಮೊದಲೇ ಹೇಳಿಬಿಡ್ತೇನೆ. ಬಾಗಿಲು ತೆರೆದಿಟ್ಟ ಗದ್ದೆಗೆ ಯಾವ ಜೀವಾಣುವೂ ಸಹಾಯ ಮಾಡಲಾರದು. ಗಿಡಕ್ಕೆ ಎರಡು ಮೂರು ಅಂಕದಷ್ಟು ಉಪ್ಪನ್ನು ತಾಳುವ ಬಲ ಕೊಟ್ಟರೆ ಅದೇ ದೊಡ್ಡದು. ಮೇಲಿನ ಮಣ್ಣಿನಲ್ಲಿ 12, 15 ಇದ್ದರೆ ಸುಮ್ಮನೆ ದುಡ್ಡು ಹಾಳು.

ಮಾಮ: ಆಯ್ತು, ಹಲಗೆ ನಾನು ನೋಡಿಕೊಳ್ತೇನೆ. ಈಗ ಆ ಬ್ಯಾಕ್ಟೀರಿಯಾ ಬೇರಿನಲ್ಲಿ ಎಂಥ ಮಾಡ್ತದೆ ಅಂತ ಹೇಳು.

ಸೊಸೆ: ನಮ್ಮ ಅಜ್ಜಿ ಬಾಳೆಗೊನೆಯನ್ನು ಹೊಂಡದಲ್ಲಿಟ್ಟು ಹೊಗೆ ಹಾಕ್ತಿದ್ದರಲ್ಲ, ಯಾಕೆ?

ಮಾಮ: ಬೇಗ ಹಣ್ಣಾಗಲಿಕ್ಕೆ.

ಸೊಸೆ: ಆ ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲ ಸ್ವಲ್ಪ ಇರ್ತದೆ, ಹಣ್ಣು ಮಾಡುವುದು ಅದು. ಗಿಡಗಳು ಅದನ್ನು ತಾವೇ ತಯಾರು ಮಾಡುತ್ತವೆ. ಎಲೆ ಉದುರುವಾಗ, ಗಾಯವಾದಾಗ, ಬರ ಬಂದಾಗ, ಉಪ್ಪು ತಾಗಿದಾಗ ಅದು ಹೆಚ್ಚುತ್ತದೆ. ಮಟ್ಟ ಮೀರಿದರೆ ಬೇರು ಬೆಳೆಯುವುದನ್ನು ನಿಲ್ಲಿಸ್ತದೆ, ಎಲೆ ಹಳದಿಯಾಗಿ ಬೇಗ ಮುದಿಯಾಗ್ತದೆ. ಅಂದರೆ ಉಪ್ಪಿನ ಗದ್ದೆಯಲ್ಲಿ ನೀವು ಕಾಣುವ ನಷ್ಟದಲ್ಲಿ ಒಂದು ಪಾಲು ಉಪ್ಪು ನೇರವಾಗಿ ಮಾಡಿದ್ದು, ಇನ್ನೊಂದು ಪಾಲು ಉಪ್ಪಿಗೆ ಹೆದರಿ ಗಿಡ ತಾನೇ ಮಾಡಿಕೊಂಡದ್ದು. ಬ್ಯಾಕ್ಟೀರಿಯಾ ಕಡಿಮೆ ಮಾಡುವುದು ಈ ಎರಡನೆಯ ಪಾಲನ್ನು.

ಮಾಮ: ಹೇಗೆ?

ಸೊಸೆ: ಎಥಿಲೀನ್ ಆಗುವ ಮೊದಲು ಗಿಡದಲ್ಲಿ ಎ.ಸಿ.ಸಿ. ಅಂತ ಒಂದು ವಸ್ತು ಆಗ್ತದೆ. ಅದರಲ್ಲಿ ಸ್ವಲ್ಪ ಬೇರಿನಿಂದ ಹೊರಗೆ ಒಸರುತ್ತದೆ. ಬೇರಿಗೆ ಅಂಟಿಕೊಂಡಿರುವ ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಎ.ಸಿ.ಸಿ. ಒಡೆಯುವ ಕಿಣ್ವ ಉಂಟು. ಒಡೆದು, ಅದರಿಂದ ಬರುವ ಅಮೋನಿಯವನ್ನು ತಮ್ಮ ಸಾರಜನಕಕ್ಕೆ ಬಳಸಿಕೊಳ್ತವೆ. ಹೊರಗೆ ಖಾಲಿಯಾದ ಹಾಗೆ ಒಳಗಿನದು ಹೊರಗೆ ಬರ್ತದೆ, ಗಿಡದಲ್ಲಿ ಎಥಿಲೀನ್ ಇಳಿಯುತ್ತದೆ, ಬೇರು ಮತ್ತೆ ಬೆಳೆಯುತ್ತದೆ. ಬ್ಯಾಕ್ಟೀರಿಯಾಕ್ಕೆ ಊಟ, ಗಿಡಕ್ಕೆ ಬಿಡುಗಡೆ. ಈ ಕಿಣ್ವವನ್ನು 1978ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ಮಣ್ಣಿನ ಒಂದು ಸೂಡೊಮೊನಾಸ್‌ನಲ್ಲಿ ಕಂಡುಹಿಡಿದರು. ಅದು ಗಿಡಕ್ಕೆ ಹೀಗೆ ನೆರವಾಗ್ತದೆ ಎಂಬ ವಿವರಣೆಯನ್ನು 1998ರಲ್ಲಿ ಕೊಟ್ಟವರು ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು. 2004ರಲ್ಲಿ ಇಸ್ರೇಲಿನ ಸಂಶೋಧಕರ ಜೊತೆ ಸೇರಿ ಅವರು ಇನ್ನೊಂದು ಪ್ರಯೋಗ ಮಾಡಿದರು. ಅಲ್ಲಿನ ಅರಾವ ಎಂಬ ಒಣ ಪ್ರದೇಶದಿಂದ ತಂದ ಒಂದು ಬ್ಯಾಕ್ಟೀರಿಯಾವನ್ನು ಟೊಮೆಟೊ ಸಸಿಗಳಿಗೆ ಹಾಕಿ ಉಪ್ಪುನೀರು ಕೊಟ್ಟರು. ಹಾಕಿದ ಸಸಿಗಳು ಹಾಕದವುಗಳಿಗಿಂತ ಚೆನ್ನಾಗಿ ಬೆಳೆದವು, ಎಥಿಲೀನ್ ಕಡಿಮೆಯಿತ್ತು. ಆದರೆ ಗಿಡದೊಳಗಿನ ಸೋಡಿಯಂ ಇಳಿದಿರಲಿಲ್ಲ. ನಾನು ಮೊದಲು ಹೇಳಿದ್ದಕ್ಕೆ ಇದೇ ಸಾಕ್ಷಿ.

ಮಾಮ: ಟೊಮೆಟೊ ಒಣ ನೆಲದ ಗಿಡ. ಭತ್ತ ಕೆಸರಿನಲ್ಲಿ ನಿಲ್ಲುವಂಥದ್ದು. ಎರಡಕ್ಕೂ ಒಂದೇ ಮದ್ದಾ?

ಸೊಸೆ: ನೀವು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಎಷ್ಟೋ ಪ್ರಬಂಧಗಳಲ್ಲಿ ಇದನ್ನು ಕೇಳುವುದೇ ಇಲ್ಲ. ಭತ್ತಕ್ಕೆ ಎಥಿಲೀನ್ ಶತ್ರು ಮಾತ್ರ ಅಲ್ಲ. ನೀರು ನಿಂತ ಗದ್ದೆಯಲ್ಲಿ ಭತ್ತದ ಬೇರಿನೊಳಗೆ ಗಾಳಿ ಹರಿಯುವ ಕೊಳವೆಗಳು ಆಗುತ್ತವಲ್ಲ, ಅವು ಹೆಚ್ಚಾಗಲಿಕ್ಕೆ ಎಥಿಲೀನ್ ಬೇಕು. ಹಾಗಾಗಿ ಟೊಮೆಟೊದಲ್ಲಿ ಗೆದ್ದ ಬ್ಯಾಕ್ಟೀರಿಯಾ ಏಣೆಲಿನ ಕೆಸರಿನಲ್ಲೂ ಗೆಲ್ಲುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಕೆಸರಿನಲ್ಲಿಯೇ ಪರೀಕ್ಷೆ ಆಗಬೇಕು.

ಮಾಮ: ಎಥಿಲೀನ್ ಒಂದೇ ದಾರಿಯಾ?

ಸೊಸೆ: ಬೇರೆಯೂ ಉಂಟು. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯಂಥ ಸಕ್ಕರೆಯ ಪದರ ಕಟ್ಟಿಕೊಳ್ತವೆ. ಅದು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ತದೆ, ಬೇರಿನ ಸುತ್ತ ಮಣ್ಣಿನ ಕಣಗಳನ್ನು ಅಂಟಿಸ್ತದೆ. ಕೆಲವು ಕರಗದ ರಂಜಕವನ್ನು ಕರಗಿಸಿ ಕೊಡ್ತವೆ. ಕೆಲವು ಬೇರು ಕವಲೊಡೆಯುವ ಚೋದಕವನ್ನೇ ತಯಾರಿಸ್ತವೆ. 2008ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ತಳಿ ಬಿಡುವ ವಾಸನೆ ತಾಗಿದರೆ ಸಾಕು, ಗಿಡ ಬೇರಿನಲ್ಲಿ ಸೋಡಿಯಂ ಒಳಬಿಡುವ ದಾರಿಯನ್ನು ಕಿರಿದು ಮಾಡಿಕೊಳ್ತದೆ. ಅಲ್ಲಿ ಬ್ಯಾಕ್ಟೀರಿಯಾ ಗಿಡವನ್ನು ಮುಟ್ಟಿಯೂ ಇರಲಿಲ್ಲ. ಅದನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ ಮಾಮ.

ಮಾಮ: ಸರಿ. ಹಾಗಾದರೆ ಈ ಪೊಟ್ಟಣದಲ್ಲಿ ಇರುವುದು ಆ ಜಾತಿಯದ್ದು ಅಂತಲೇ ಇಟ್ಟುಕೊಳ್ಳುವ. ಎರಚಿದರೆ ತಪ್ಪೇನು?

ಸೊಸೆ: ಒಂದು ಲೆಕ್ಕ ಹಾಕುವ. ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿಯ ರೂಪದ ಜೈವಿಕ ಗೊಬ್ಬರದಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ದ್ರವರೂಪದ್ದಾದರೆ ಮಿಲಿಲೀಟರಿಗೆ 10 ಕೋಟಿ. ನಿಮ್ಮ ಪೊಟ್ಟಣ ಒಂದು ಕಿಲೋ, ಅಂದರೆ 5000 ಕೋಟಿ. ದೊಡ್ಡ ಸಂಖ್ಯೆ ಅಲ್ವಾ? ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ತೂಕದಲ್ಲಿ ಸುಮಾರು 9 ಲಕ್ಷ ಕಿಲೋ. ಹಂಚಿದರೆ ಒಂದು ಗ್ರಾಂ ಮಣ್ಣಿಗೆ ಬರುವುದು ಐವತ್ತೋ ಅರವತ್ತೋ ಬ್ಯಾಕ್ಟೀರಿಯಾ. ಅದೇ ಒಂದು ಗ್ರಾಂನಲ್ಲಿ ಮೊದಲೇ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾ ಕೋಟಿಗಟ್ಟಲೆ. ಮದುವೆ ಊಟದ ಸಾಲಿನಲ್ಲಿ ಹೊಸಬನೊಬ್ಬ ಬಂದು ನಿಂತರೆ ಅವನಿಗೆ ಎಲೆ ಸಿಗುವುದು ಯಾವಾಗ?

ಮಾಮ: ಹಾಗಾದರೆ ಎರಚುವುದು ವ್ಯರ್ಥ.

ಸೊಸೆ: ಬಹುಮಟ್ಟಿಗೆ. ಬೇರಿಗೇ ತಲುಪಿಸಬೇಕು. ಬೀಜಕ್ಕೆ ಲೇಪಿಸಬಹುದು. ನೇಜಿಯ ಕಟ್ಟನ್ನು ನೆಡುವ ಮೊದಲು ದ್ರಾವಣದಲ್ಲಿ ಬೇರು ಮುಳುಗುವಷ್ಟು ಅದ್ದಿ ಇಡಬಹುದು. ಈಗ ನೀವು ಯಂತ್ರದಲ್ಲಿ ನಾಟಿ ಮಾಡುವವರಲ್ವಾ, ಟ್ರೇಗೆ ತುಂಬುವ ಮಣ್ಣಿನಲ್ಲೇ ಬೆರೆಸಬಹುದು. ಟ್ರೇಯ ಮಣ್ಣು ಸ್ವಲ್ಪವೇ, ಅಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆ ನಿಲ್ತದೆ. ಎಳೆಯ ಬೇರಿನ ಮೇಲೆ ಮೊದಲು ಕೂತವರಿಗೆ ಜಾಗ ಸಿಕ್ಕಿದ ಹಾಗೆ. ಬೀಜಕ್ಕೆ ಶಿಲೀಂಧ್ರನಾಶಕ ಹಾಕಿದ್ದರೆ ಅದೇ ದಿನ ಇದನ್ನು ಹಾಕಬಾರದು. ಕ್ಲೋರಿನ್ ಇರುವ ನಲ್ಲಿನೀರಿನಲ್ಲಿ ಕಲಸಬಾರದು. ಈ ಪೊಟ್ಟಣ ಎಷ್ಟು ದಿನದಿಂದ ಇಲ್ಲಿ ಉಂಟು?

ಮಾಮ: ಬೇಸಗೆಯಿಂದ. ಗೊಬ್ಬರದ ಕೋಣೆಯಲ್ಲಿ, ತಗಡಿನ ಮಾಡಿನ ಕೆಳಗೆ.

ಸೊಸೆ: ಹಾಗಾದರೆ ಒಳಗೆ ಈಗ ಎಷ್ಟು ಜೀವ ಉಳಿದಿದೆ ಅಂತ ಎಣಿಸದೆ ಹೇಳಲಿಕ್ಕಾಗುವುದಿಲ್ಲ. ಪುಡಿಯದ್ದಕ್ಕೆ ಆರು ತಿಂಗಳ ಆಯಸ್ಸು, ಅದೂ ತಂಪಿನಲ್ಲಿ ಇಟ್ಟರೆ. ರೈತರು "ಜೈವಿಕ ಗೊಬ್ಬರ ಹಾಕಿದೆವು, ಏನೂ ಆಗಲಿಲ್ಲ" ಅಂತ ಹೇಳುವಾಗ ಅರ್ಧಕ್ಕರ್ಧ ಸಲ ಅವರು ಹಾಕಿದ್ದು ಸತ್ತ ಬ್ಯಾಕ್ಟೀರಿಯಾ ಬೆರೆತ ಪುಡಿ ಇರಬೇಕು ಅಂತ ನನ್ನ ಅನುಮಾನ.

ಮಾಮ: ಇದರ ಮೇಲೆ ಬರೆದದ್ದನ್ನು ಓದು ನೋಡುವ. ಉತ್ತರದ ಕಡೆಯದ್ದು ಅಂತ ಕಾಣ್ತದೆ.

ಸೊಸೆ: ಹೌದು, ಕ್ಷಾರ ಮಣ್ಣಿಗೆ ಅಂತ ಬರೆದಿದ್ದಾರೆ. ಇಲ್ಲಿಯೇ ಮಾಮ, ನನಗೆ ಹೇಳಲೇಬೇಕಾದ ಮಾತು ಇರುವುದು. ನಮ್ಮ ದೇಶದಲ್ಲಿ ಉಪ್ಪುಮಣ್ಣಿನ ಕೆಲಸಕ್ಕಾಗಿ 1969ರಲ್ಲಿ ಶುರುವಾದ ಕೇಂದ್ರೀಯ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿ ಉಂಟು. ಬಹಳ ದೊಡ್ಡ ಕೆಲಸ ಮಾಡಿದ ಸಂಸ್ಥೆ ಅದು. ಅದರ ಲಖನೌ ಕೇಂದ್ರದವರು ಸಿ.ಎಸ್.ಆರ್.-ಬಯೋ ಅಂತ ಒಂದು ಮಿಶ್ರಣ ತಯಾರಿಸಿದ್ದಾರೆ. ಎರಡು ಬ್ಯಾಸಿಲಸ್ ಬ್ಯಾಕ್ಟೀರಿಯಾ, ಜೊತೆಗೆ ಟ್ರೈಕೋಡರ್ಮ ಶಿಲೀಂಧ್ರ. ಗಂಗಾ ಬಯಲಿನ ರೈತರಿಗೆ ಅದು ಬೇಕಾದದ್ದೇ. ಆದರೆ ಅಲ್ಲಿಯ ಮಣ್ಣು ಎಂಥದ್ದು? ರಸಸಾರ 9, 10ರ ಹತ್ತಿರ ಹೋಗುವ ಚೌಳು. ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡು, ನೀರು ಇಂಗದೆ, ಒಣಗಿದರೆ ಸಿಮೆಂಟಿನ ಹಾಗೆ ಗಟ್ಟಿ. ಅದಕ್ಕೆ ಜಿಪ್ಸಂ ಹಾಕ್ತಾರೆ. ನಮ್ಮಲ್ಲಿ?

ಮಾಮ: ನಮ್ಮದು ಹುಳಿಮಣ್ಣು. ಸುಣ್ಣ ಹಾಕಿ ಅಂತಲೇ ಬ್ರಹ್ಮಾವರದ ಸಂಶೋಧನಾ ಕೇಂದ್ರದವರು ಹೇಳುವುದು.

ಸೊಸೆ: ಅದೇ. ನಮ್ಮ ಜಂಬಿಟ್ಟಿಗೆ ನೆಲದಿಂದ ತೊಳೆದು ಬಂದ ಮಣ್ಣಿನ ರಸಸಾರ ಸಾಮಾನ್ಯವಾಗಿ 5, 6. ಜೊತೆಗೆ ನಾಲ್ಕು ತಿಂಗಳು ಮಳೆಯ ಕೆಸರು, ಆಮೇಲೆ ಕಡಲಿನ ಉಪ್ಪು. ಚೌಳಿನಲ್ಲಿ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾ ಇಲ್ಲಿಗೆ ಬಂದರೆ ಹುಳಿ, ಕೆಸರು, ಉಪ್ಪು ಮೂರನ್ನೂ ಎದುರಿಸಬೇಕು. ನಮ್ಮ ರಾಜ್ಯದೊಳಗೂ ಹಾಗೆಯೇ. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಭೂಮಿಗಾಗಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಎಷ್ಟೋ ವರ್ಷಗಳಿಂದ ಕೆಲಸ ಮಾಡ್ತಾ ಉಂಟು. ಅದು ಕಪ್ಪುಮಣ್ಣು, ಕಾಲುವೆ ನೀರು ಹೆಚ್ಚಾಗಿ ಕೆಳಗಿನ ಉಪ್ಪು ಮೇಲೆ ಬಂದದ್ದು. ಅಲ್ಲಿಯ ಉತ್ತರ ಅಲ್ಲಿಗೆ. ಉಚ್ಚಿಲದ ಉತ್ತರ ಉಚ್ಚಿಲದ ಮಣ್ಣಿನಲ್ಲಿ, ಹೆಚ್ಚೆಂದರೆ ಕಾರವಾರದಿಂದ ಕಾಸರಗೋಡಿನವರೆಗಿನ ಮಣ್ಣಿನಲ್ಲಿ ಹುಡುಕಬೇಕು.

ಮಾಮ: ಎಲ್ಲಿ ಅಂತ ಹುಡುಕುವುದು?

ಸೊಸೆ: ಉಪ್ಪಿನಲ್ಲೂ ಹಸಿರಾಗಿ ನಿಂತಿರುವ ಗಿಡದ ಬುಡದಲ್ಲಿ. ಇಲ್ಲಿಂದ ಪಡು ಬದಿಗೆ ನಡೆದರೆ ಮರಳಿನ ದಿಬ್ಬದ ಮೇಲೆ ಏನು ಹಬ್ಬಿರ್ತದೆ?

ಮಾಮ: ಆಡಿನ ಗೊರಸಿನ ಹಾಗೆ ಎಲೆ ಇರುವ ಬಳ್ಳಿ, ನೇರಳೆ ಹೂವಿನದ್ದು. ಕಡಲ್ಕೊರೆತಕ್ಕೆ ಕಲ್ಲು ಹಾಕಿದ ಮೇಲೆ ಅದು ಬಹಳ ಕಡಿಮೆಯಾಗಿದೆ. ಮತ್ತೆ ಅವರೆಯ ಹಾಗೆ ಕೋಡು ಬಿಡುವ ಒಂದು ಕಾಡುಬಳ್ಳಿ.

ಸೊಸೆ: ಆ ಕಾಡುಬಳ್ಳಿಯ ಜಾತಿಗೆ ಕೆನವೇಲಿಯ ಅಂತ ಹೆಸರು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎ. ಬಿ. ಅರುಣ್ ಮತ್ತು ಕೆ. ಆರ್. ಶ್ರೀಧರ್ ನಮ್ಮ ಕರಾವಳಿಯ ಮರಳು ದಿಬ್ಬಗಳ ಇಂಥ ದ್ವಿದಳ ಬಳ್ಳಿಗಳ ಬೇರಿನ ಗಂಟುಗಳಿಂದ ರೈಜೋಬಿಯಂ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ್ದರು. ಅವು ಎಂಥೆಂಥ ಕಷ್ಟದ ಸ್ಥಿತಿಯಲ್ಲಿ ಬೆಳೆಯಬಲ್ಲವು ಅಂತ ಪರೀಕ್ಷಿಸಿ, 2004 ಮತ್ತು 2005ರಲ್ಲಿ ಪ್ರಕಟಿಸಿದರು. ಅಂದರೆ ಕೆಲಸಕ್ಕೆ ಬುನಾದಿ ನಮ್ಮ ನೆರೆಯಲ್ಲೇ ಇಪ್ಪತ್ತು ವರ್ಷದ ಹಿಂದೆ ಬಿದ್ದಿದೆ. ಅದು ಪತ್ರಿಕೆಯ ಪುಟದಿಂದ ಗದ್ದೆಯ ಹುಣಿಯವರೆಗೆ ಬರಬೇಕಾದದ್ದು.

ಮಾಮ: ಅದು ಅವರೆಯ ಕುಲದ್ದು. ಭತ್ತಕ್ಕೆ ಆಗ್ತದಾ?

ಸೊಸೆ: ರೈಜೋಬಿಯಂ ಭತ್ತದಲ್ಲಿ ಗಂಟು ಕಟ್ಟುವುದಿಲ್ಲ. ಸುಗ್ಗಿಯ ಬದಲು ನೀವು ಉದ್ದು, ಅಲಸಂಡೆ ಹಾಕ್ತೀರಲ್ಲ, ಅಂಥ ಬೆಳೆಗೆ ಉಪ್ಪು ತಾಳುವ ರೈಜೋಬಿಯಂ ಸಿಕ್ಕಿದರೆ ಬಹಳ ಉಪಯೋಗ. ಯಾಕೆಂದರೆ ಉಪ್ಪು ಹೆಚ್ಚಾದಾಗ ದ್ವಿದಳದಲ್ಲಿ ಮೊದಲು ಕೆಡುವುದು ಗಂಟು ಕಟ್ಟುವ ಕೆಲಸವೇ. ಭತ್ತಕ್ಕೆ ಬೇಕಾದದ್ದನ್ನು ಭತ್ತದ ನೆಂಟರಲ್ಲಿ ಹುಡುಕಬೇಕು. ತಮಿಳುನಾಡಿನ ಪಿಚ್ಚಾವರಂ ಕಾಂಡ್ಲಾ ಕಾಡಿನ ಬದಿಯಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಒಂದು ಕಾಡುಭತ್ತ ಉಂಟು. ಅದರಿಂದ ಸಿಕ್ಕಿದ ಹೊಸ ಬ್ಯಾಕ್ಟೀರಿಯಾಕ್ಕೆ 2004ರಲ್ಲಿ ಎಂ. ಎಸ್. ಸ್ವಾಮಿನಾಥನ್ ಅವರ ಹೆಸರನ್ನೇ ಇಟ್ಟರು, ಸ್ವಾಮಿನಾಥನಿಯ ಸಾಲಿಟಾಲರನ್ಸ್ ಅಂತ. ಅದು ಉಪ್ಪಿನಲ್ಲೂ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ರಂಜಕ ಕರಗಿಸುತ್ತದೆ. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಕುಮಟಾದ ಕಗ್ಗ ಭತ್ತ ಗೊತ್ತುಂಟಲ್ಲ?

ಮಾಮ: ಅಘನಾಶಿನಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಬೆಳೆಯುವಂಥದ್ದು. ಮಾಣಿಕಟ್ಟಾದ ಕಡೆ ಒಮ್ಮೆ ಹೋದಾಗ ಕಂಡಿದ್ದೇನೆ. ಗೊಬ್ಬರ ಇಲ್ಲ, ಮದ್ದು ಇಲ್ಲ. ಎದೆಮಟ್ಟ ಬೆಳೆಯುತ್ತದೆ, ತೆನೆ ಮಾತ್ರ ಕೊಯ್ಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು.

ಸೊಸೆ: ಗೊಬ್ಬರ ಹಾಕದೆ ಅಷ್ಟು ಎತ್ತರ ಬೆಳೆಯುವ ಭತ್ತಕ್ಕೆ ಸಾರಜನಕ ಎಲ್ಲಿಂದ ಬರ್ತದೆ? ಕೊಳೆತ ಕೂಳೆಯಿಂದ, ಮೀನಿನ ಹಿಕ್ಕೆಯಿಂದ ಸ್ವಲ್ಪ. ಅದನ್ನು ಒಡೆದು ಕೊಡುವವರು ಯಾರು? ಉಪ್ಪುನೀರು, ಸಿಹಿನೀರು ಎರಡನ್ನೂ ವರ್ಷ ವರ್ಷ ಕಂಡ ಬ್ಯಾಕ್ಟೀರಿಯಾಗಳು. ನಾವು ಕಗ್ಗದ ಬೀಜವನ್ನು ಉಳಿಸುವ ಮಾತಾಡ್ತೇವೆ, ಅದು ಆಗಲೇಬೇಕು. ಗಜನಿ ಬರೀ ಸಿಗಡಿ ಹೊಂಡವಾದರೆ, ಪಾಳು ಬಿದ್ದರೆ, ಬೀಜದ ಜೊತೆ ಆ ಬೇರಿನ ಬಳಗವೂ ಹೋಗ್ತದೆ. ಅದನ್ನು ಯಾವ ಬೀಜಭಂಡಾರದ ಡಬ್ಬಿಯೂ ಇಟ್ಟುಕೊಂಡಿಲ್ಲ ಅನ್ನುವುದು ನನಗೆ ದೊಡ್ಡ ಚಿಂತೆ.

ಮಾಮ: ಇಲ್ಲಿಯೂ ಅದೇ ಕಥೆ. ಹಡಿಲು ಬಿದ್ದ ಗದ್ದೆಯಲ್ಲಿ ಹುಲ್ಲು ಬೆಳೆದು ಆಮೇಲೆ ಮಣ್ಣು ತುಂಬಿಸಿ ಕಟ್ಟಡ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿಯ ಆಂದೋಲನ ಆಯ್ತಲ್ಲ, ಆಗ ಎಷ್ಟೋ ಗದ್ದೆಗೆ ಮತ್ತೆ ನೇಗಿಲು ಇಳಿಯಿತು. ಉಪ್ಪುನೀರಿನ ಬದಿಯ ಗದ್ದೆಯವರಿಗೆ ಧೈರ್ಯ ಬರಲಿಲ್ಲ. ಅವರಿಗೆ ನೀನು ಹೇಳುವಂಥದ್ದು ಏನಾದರೂ ಬೇಕು. ಆದರೆ ಒಂದು ಹೆದರಿಕೆ ನನಗೆ. ಬದನೆಗೆ ಸೊರಗು ರೋಗ ತರುವುದೂ ಬ್ಯಾಕ್ಟೀರಿಯಾವೇ. ಗೊತ್ತಿಲ್ಲದ್ದನ್ನು ಮಣ್ಣಿಗೆ ಬಿಟ್ಟು ಮತ್ತೊಂದು ಪೀಡೆ ಬಂದರೆ?

ಸೊಸೆ: ಆ ಹೆದರಿಕೆ ಇರಲೇಬೇಕು. ಸೊರಗು ತರುವ ರಾಲ್‌ಸ್ಟೋನಿಯ ಬದುಕುವುದೂ ಬೇರಿನ ಹತ್ತಿರವೇ. ಇನ್ನೂ ಒಂದು ವಿಷಯ ಹೇಳ್ತೇನೆ. ಉಪ್ಪು ತಾಳುವ, ಗಿಡಕ್ಕೆ ಬಲ ಕೊಡುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮನುಷ್ಯರಿಗೆ, ಅದರಲ್ಲೂ ಮೊದಲೇ ಕಾಯಿಲೆಯಿಂದ ಸೋತವರಿಗೆ, ಸೋಂಕು ತರಬಲ್ಲವು. ಬರ್ಕೊಲ್ಡೇರಿಯದ ಕೆಲವು ಬಳಗ ಹಾಗೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದರೂ ಗದ್ದೆಗೆ ತರುವ ಹಾಗಿಲ್ಲ. ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರು ನೀವು. ಹಾಗಾಗಿ ಮೊದಲು ಅದರ ಜಾತಿ ಗುರುತಿಸಬೇಕು, ಅನುಮಾನ ಇದ್ದರೆ ಅಲ್ಲಿಯೇ ಬಿಡಬೇಕು. ಆಮೇಲೆ ಕುಂಡದಲ್ಲಿ, ನಂತರ ಗದ್ದೆಯಲ್ಲಿ.

ಮಾಮ: ಗದ್ದೆಯಲ್ಲಿ ಅಂದರೆ ನನ್ನ ಗದ್ದೆಯಲ್ಲಿ?

ಸೊಸೆ: ನೀವು ಒಪ್ಪಿದರೆ. ಆದರೆ ಪೂರ್ತಿ ಗದ್ದೆಗೆ ಹಾಕುವುದು ಬೇಡ. ಒಂದು ಪಟ್ಟಿಗೆ ಹಾಕಬೇಕು, ಪಕ್ಕದ ಪಟ್ಟಿಗೆ ಹಾಕಬಾರದು, ಮೂರನೆಯದಕ್ಕೆ ಅದೇ ಪುಡಿಯನ್ನು ಬೇಯಿಸಿ, ಬ್ಯಾಕ್ಟೀರಿಯಾವನ್ನು ಸಾಯಿಸಿ ಹಾಕಬೇಕು. ಒಂದೇ ಬೀಜ, ಒಂದೇ ದಿನದ ನಾಟಿ. ತೋಡಿನ ಹತ್ತಿರ ಉಪ್ಪು ಹೆಚ್ಚು, ಮೇಲೆ ಹೋದ ಹಾಗೆ ಕಡಿಮೆ, ಹಾಗಾಗಿ ಪಟ್ಟಿಗಳು ತೋಡಿನಿಂದ ಮೇಲಕ್ಕೆ ಉದ್ದುದ್ದ ಹೋಗಬೇಕು, ಅಡ್ಡಡ್ಡ ಅಲ್ಲ. ಇಲ್ಲದಿದ್ದರೆ ಜಾಗದ ಗುಣವನ್ನೇ ಬ್ಯಾಕ್ಟೀರಿಯಾದ ಗುಣ ಅಂತ ತಿಳಿದುಕೊಳ್ತೇವೆ.

ಮಾಮ: ಬೇಯಿಸಿದ್ದು ಯಾಕೆ?

ಸೊಸೆ: ಪುಡಿಯಲ್ಲಿ ಇದ್ದಿಲು, ಗೊಬ್ಬರದ ಅಂಶವೂ ಇರ್ತದೆ. ಅದರಿಂದಲೇ ಬೆಳೆ ಚೆನ್ನಾಗಿ ಬಂದರೆ? ಬ್ಯಾಕ್ಟೀರಿಯಾ ಜೀವಂತ ಇದ್ದದ್ದರಿಂದಲೇ ಆಯ್ತು ಅಂತ ಗೊತ್ತಾಗಬೇಕು. ಮತ್ತೆ ಒಂದು ವರ್ಷ ಸಾಲದು. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲರ ಗದ್ದೆಯೂ ಚೆನ್ನಾಗಿರ್ತದೆ. ಆ ವರ್ಷ ಯಾವ ಪೊಟ್ಟಣ ಮಾರಿದವನೂ ಗೆಲ್ತಾನೆ. ಜುಲೈಯಲ್ಲಿ ಮಳೆ ಕೈಕೊಟ್ಟು ಉಪ್ಪು ಮೇಲೆದ್ದ ವರ್ಷವೂ ನೋಡಬೇಕು.

ಮಾಮ: ಇಷ್ಟೆಲ್ಲ ಮಾಡಿ ಒಳ್ಳೆಯ ಬ್ಯಾಕ್ಟೀರಿಯಾ ಸಿಕ್ಕಿತು ಅಂತ ಇಟ್ಟುಕೋ. ಅದು ಯಾರದ್ದು? ನೀನು ಓದು ಮುಗಿಸಿ ಎಲ್ಲಿಗೋ ಹೋಗ್ತೀ. ಯಾವುದೋ ಕಂಪೆನಿಯವರು ಅದನ್ನೇ ತುಂಬಿಸಿ ನನಗೇ ಮಾರಿದರೆ?

ಸೊಸೆ: ಕಾನೂನು ಉಂಟು ಮಾಮ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಗಿಡ, ಪ್ರಾಣಿಯ ಹಾಗೆ ಸೂಕ್ಷ್ಮಜೀವಿಯೂ ಜೈವಿಕ ಸಂಪನ್ಮೂಲವೇ. ವ್ಯಾಪಾರಕ್ಕೆ ಬಳಸುವವರು ಲಾಭದಲ್ಲಿ ಪಾಲು ಕೊಡಬೇಕು ಅಂತ ಅದು ಹೇಳ್ತದೆ. ಪಂಚಾಯತಿನ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಬರೆಯಬೇಕು. ದಾಖಲೆಯಲ್ಲಿ ಮರ, ಮೀನು, ಮದ್ದಿನ ಗಿಡ ಬರೀತಾರೆ. ಉಪ್ಪುಗದ್ದೆಯ ಮಣ್ಣನ್ನೂ ಬರೆಸಬೇಕು. ಇನ್ನು ನಾನು ಹೋದ ಮೇಲೆ ಏನು ಅಂತ ಕೇಳಿದಿರಿ. ಎಷ್ಟೋ ಒಳ್ಳೆಯ ತಳಿಗಳು ಪ್ರಬಂಧ ಮುಗಿದ ಮೇಲೆ ಫ್ರಿಜ್ಜಿನಲ್ಲಿ ಹೆಸರಿಲ್ಲದೆ ಸತ್ತು ಹೋಗಿವೆ. ಅದಕ್ಕೆ ದೇಶದಲ್ಲಿ ಭಂಡಾರಗಳಿವೆ. ಚಂಡೀಗಢದಲ್ಲಿ ಒಂದು, ಕೃಷಿಗೆ ಬೇಕಾದ ಸೂಕ್ಷ್ಮಜೀವಿಗಳಿಗೆ ಅಂತಲೇ ಉತ್ತರ ಪ್ರದೇಶದ ಮವೂನಲ್ಲಿ ಇನ್ನೊಂದು. ಸಿಕ್ಕಿದ ಕೂಡಲೇ ಊರಿನ ಹೆಸರು ಬರೆದು ಅಲ್ಲಿ ಇಡಬೇಕು. ಬ್ರಹ್ಮಾವರದ ಸಂಶೋಧನಾ ಕೇಂದ್ರದವರ ಹತ್ತಿರವೂ ಒಂದು ಇರಬೇಕು. ಆಗ ನಾನು ಇರಲಿ ಇಲ್ಲದಿರಲಿ, ನೀವು ಹೋಗಿ ಕೇಳಬಹುದು.

ಮಾಮ: ಊರಿನ ಹೆಸರು ಬರೀಬೇಕು. ಅದು ಮುಖ್ಯ. ಈಗ ನನ್ನ ಒಂದು ವಿಷಯ ಕೇಳು. ತೋಡಿನ ಬದಿಯ ಕೆಳಗಿನ ಗದ್ದೆಯ ಮೂಲೆಯಲ್ಲಿ ಪ್ರತಿ ವರ್ಷ ನೆಟ್ಟದ್ದೆಲ್ಲ ಸಾಯುತ್ತದೆ. ಆದರೂ ಕೆಲವು ಬುಡ ಉಳಿಯುತ್ತವೆ. ಸುತ್ತ ಬೋಳು, ನಡುವೆ ಅವು ಹಸಿರು. ನಾವು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ದನಕ್ಕೆ ಕೊಯ್ದು ಹಾಕ್ತೇವೆ.

ಸೊಸೆ: ಈ ವರ್ಷ ಕೊಯ್ಯಬೇಡಿ. ಅವು ಯಾಕೆ ಉಳಿದವು ಅಂತ ನೋಡಬೇಕು. ಆ ಜಾಗದಲ್ಲಿ ಉಪ್ಪು ಕಡಿಮೆ ಇರಬಹುದು, ಅದನ್ನು ಮೀಟರಿನಲ್ಲಿ ನೋಡುವ. ಬೀಜದಲ್ಲಿಯೇ ಏನೋ ವ್ಯತ್ಯಾಸ ಇರಬಹುದು. ಅದೆರಡೂ ಅಲ್ಲದಿದ್ದರೆ ಬೇರಿನಲ್ಲಿ ಹುಡುಕುವ. ಹೂ ಬರುವ ಹೊತ್ತಿಗೆ ನನ್ನನ್ನು ಕರೆಯಿರಿ. ಬುಡವನ್ನು ಎಳೆದು ಕೀಳಬಾರದು, ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆಯಬೇಕು. ಬೇರಿಗೆ ಅಂಟಿದ ಆ ತೆಳು ಮಣ್ಣಿನಲ್ಲೇ ನಮಗೆ ಬೇಕಾದದ್ದು ಇರುವುದು. ಬಿಸಿಲಿಗೆ ಇಡಬಾರದು, ಅದೇ ದಿನ ತಂಪಿನಲ್ಲಿ ಪ್ರಯೋಗಶಾಲೆಗೆ ಹೋಗಬೇಕು. ಸತ್ತ ಬುಡಗಳನ್ನೂ ಒಂದೆರಡು ತೆಗೆಯಬೇಕು, ಹೋಲಿಸಲಿಕ್ಕೆ.

ಮಾಮ: ಎಲ್ಲವನ್ನೂ ಅಗೆದುಬಿಟ್ಟರೆ ಬೀಜ ಎಲ್ಲಿಂದ? ಅರ್ಧ ನೀನು ತೆಗೆ. ಉಳಿದರ್ಧ ತೆನೆ ಬಲಿಯುವವರೆಗೆ ಅಲ್ಲೇ ಇರಲಿ. ಆ ಭತ್ತವನ್ನು ನಾನು ಬೇರೆಯೇ ಒಣಗಿಸಿ ಇಡ್ತೇನೆ, ಬರುವ ಏಣೆಲಿಗೆ ಅದೇ ಮೂಲೆಯಲ್ಲಿ ಹಾಕಿ ನೋಡುವ.